ಶೋಧನೆ ಬರುವ ಮುಂಚೆಯೇ ಪ್ರಾರ್ಥಿಸಿ: ಆಸೆಯ ಎದುರು ನಿಲ್ಲಲು ಕೆಲವು ದಾರಿಗಳು

ಪ್ರಾರ್ಥನೆ ಮಾಡಿದರೂ ಶೋಧನೆಯನ್ನು, ಅಂದರೆ ಪಾಪದ ಕಡೆ ಎಳೆಯುವ ಸೆಳೆತವನ್ನು, ಗೆಲ್ಲಲು ಆಗುತ್ತಿಲ್ಲ ಎನ್ನುವವರು ನಮ್ಮ ಕಡೆ ತುಂಬ ಜನ ಇದ್ದಾರೆ. ಅವರ ಪ್ರಾರ್ಥನೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಹೆಚ್ಚಿನ ಸಲ ಅದು ಹೊತ್ತು ಮೀರಿದ ಪ್ರಾರ್ಥನೆ ಆಗಿರುತ್ತದೆ. ಕೈ ಕಿಸೆಗೆ ಹೋದ ಮೇಲೆ, ಗ್ಲಾಸು ತುಂಬಿದ ಮೇಲೆ, ರಾತ್ರಿ ಬಾಗಿಲು ಹಾಕಿ ಮೊಬೈಲ್ ತೆರೆದ ಮೇಲೆ "ದೇವರೇ ಕಾಪಾಡು" ಎನ್ನುತ್ತೇವೆ. ದೇವರು ಆಗಲೂ ಕೇಳುತ್ತಾರೆ, ಅದರಲ್ಲಿ ಸಂಶಯ ಬೇಡ. ಆದರೆ ಗೆತ್ಸೆಮನೆ ತೋಟದಲ್ಲಿ ಯೇಸು ಶಿಷ್ಯರಿಗೆ ಹೇಳಿದ್ದು ಏನು? ಶೋಧನೆಗೆ ಒಳಗಾಗದ ಹಾಗೆ ಎಚ್ಚರವಾಗಿದ್ದು ಪ್ರಾರ್ಥಿಸಿ ಎಂದರು (ಮತ್ತಾಯ 26:41). ಯೇಸುವನ್ನು ಹಿಡಿಯಲು ಬರುವವರು ಇನ್ನೂ ತೋಟದೊಳಗೆ ಕಾಲಿಟ್ಟಿರಲಿಲ್ಲ. ಪ್ರಾರ್ಥಿಸಲು ಸಮಯ ಇತ್ತು. ಪೇತ್ರ ಆ ಸಮಯದಲ್ಲಿ ನಿದ್ದೆ ಹೋದ, ಕೋಳಿ ಕೂಗುವುದರೊಳಗೆ ಮೂರು ಸಲ ತನ್ನ ಗುರುವನ್ನೇ ಗೊತ್ತಿಲ್ಲ ಎಂದ.

ಹಾಗಾಗಿ ನಾನಿಲ್ಲಿ ಹೇಳುವುದೆಲ್ಲ ಮುಂಚೆ ಮಾಡಬೇಕಾದ ಕೆಲಸ. ಆಸೆ ಕುತ್ತಿಗೆಗೆ ಬಂದಾಗ ಏನು ಮಾಡಬೇಕು ಅನ್ನುವುದು ಸ್ವಲ್ಪವೇ ಇದೆ. ಉದಾಹರಣೆಗೆ ಲಾಟರಿಯನ್ನು ತೆಗೆದುಕೊಳ್ಳುತ್ತೇನೆ. ಕಾಸರಗೋಡಿನಲ್ಲಿ ಇದ್ದುಕೊಂಡು ಶೋಧನೆ ಬಗ್ಗೆ ಬರೆಯುವಾಗ ಲಾಟರಿ ಬಿಟ್ಟು ಬರೆಯುವುದು ಹೇಗೆ? ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು. ಇಲ್ಲಿ ಕೇರಳದಲ್ಲಿ ಸರಕಾರವೇ ನಡೆಸುತ್ತದೆ, 1968ರ ಜನವರಿ 26ರಂದು ಮೊದಲ ಡ್ರಾ ಆದ ಮೇಲೆ ಅದು ಬೆಳೆಯುತ್ತಲೇ ಬಂದಿದೆ. ಗಡಿಯ ತಲಪಾಡಿ ದಾಟಿ ಈಚೆ ಬಂದರೆ ಲಾಟರಿ ಅಂಗಡಿ ಕಾಣದ ಪೇಟೆ ಇಲ್ಲ. ನಿಮ್ಮ ಶೋಧನೆ ಕುಡಿತ ಇರಬಹುದು, ಮೊಬೈಲಿನಲ್ಲಿ ಕೆಟ್ಟದ್ದನ್ನು ನೋಡುವುದು ಇರಬಹುದು, ಆಫೀಸಿನ ದುಡ್ಡು ಇರಬಹುದು, ಸಿಟ್ಟು ಇರಬಹುದು. ಅದನ್ನು ಲಾಟರಿಯ ಜಾಗದಲ್ಲಿ ಇಟ್ಟುಕೊಂಡು ಓದಿ.

ನನಗೆ ಗೊತ್ತಿರುವ ಒಬ್ಬ ಅಣ್ಣ ಇದ್ದಾರೆ, ಪೈಂಟಿಂಗ್ ಕೆಲಸ. ನೀರ್ಚಾಲಿನ ಕಡೆ ಮನೆ, ಕೆಲಸ ಹೆಚ್ಚಾಗಿ ಕುಂಬಳೆಯಲ್ಲಿ. ಸಂಜೆ ಐದೂವರೆಗೆ ಬಸ್‌ಸ್ಟ್ಯಾಂಡಿಗೆ ಬರುತ್ತಾರೆ. ಅಲ್ಲಿ ಬೋರ್ಡಿಗೆ ಕ್ಲಿಪ್ ಹಾಕಿ ಸಾಲಾಗಿ ತೂಗುಹಾಕಿದ ಟಿಕೆಟುಗಳು. ಮಾರುವವನು "ನಾಳೆಯಾಣ್, ನಾಳೆಯಾಣ್" (ಡ್ರಾ ನಾಳೆಯೇ) ಅಂತ ಮಲಯಾಳದಲ್ಲಿ ಕೂಗುತ್ತಿರುತ್ತಾನೆ. ಇವರು ಸುಮ್ನೆ ನೋಡುವ ಹಾಗೆ ಹತ್ತಿರ ಹೋಗುತ್ತಾರೆ. ಪೈಂಟ್ ಒಣಗಿ ಬಿಳಿಯಾದ ಬೆರಳಿನಿಂದ ಒಂದೊಂದೇ ಟಿಕೆಟ್ ಎತ್ತಿ ಕೊನೆಯ ನಾಲ್ಕು ಅಂಕಿ ನೋಡುತ್ತಾರೆ, ಮಗಳು ಹುಟ್ಟಿದ ತಾರೀಕಿಗೆ ಹತ್ತಿರ ಇರುವ ನಂಬರು ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ಮರುದಿನ ಮಧ್ಯಾಹ್ನ ಮೂರಕ್ಕೆ ಡ್ರಾ. ಏಣಿಯಿಂದ ಇಳಿದು ಮೊಬೈಲ್ ನೋಡುತ್ತಾರೆ. ಬಂದಿರುವುದಿಲ್ಲ. ಈಗ ಟಿಕೆಟಿಗೆ 50 ರೂಪಾಯಿ, ದಿನಕ್ಕೊಂದು ತೆಗೆದರೆ ವರ್ಷಕ್ಕೆ 18,000 ದಾಟುತ್ತದೆ. ಆದರೆ ಅವರು ದಿನಕ್ಕೊಂದಕ್ಕೆ ನಿಲ್ಲಿಸುವವರಾಗಿರಲಿಲ್ಲ.

ಇವರ ಹಾದಿಯನ್ನು ಮೂರು ತುಂಡು ಮಾಡಿ ನೋಡಿ. 590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗೊರಿ ಶೋಧನೆಗೆ ಮೂರು ಮೆಟ್ಟಿಲು ಹೇಳಿದ್ದರು. ಮೊದಲು ಸೂಚನೆ, ಆಮೇಲೆ ಸವಿ, ಕೊನೆಗೆ ಒಪ್ಪಿಗೆ. ಬೋರ್ಡು ಕಣ್ಣಿಗೆ ಬೀಳುವುದು ಸೂಚನೆ. ಒಂದು ಕೋಟಿ ಬಂದರೆ ಮನೆಯ ಸಾಲ ತೀರಿಸಿ, ಮಗಳ ಮದುವೆ ಮಾಡಿ, ಉಳಿದದ್ದರಲ್ಲಿ ಒಂದು ಪಿಕಪ್ ತೆಗೆಯಬಹುದು ಎಂದು ಏಣಿಯ ಮೇಲೆ ನಿಂತು ಲೆಕ್ಕ ಹಾಕುವುದು ಸವಿ. ಕಿಸೆಯಿಂದ ನೋಟು ಹೊರಬರುವುದು ಒಪ್ಪಿಗೆ. ಯಕೋಬನ ಪತ್ರದಲ್ಲೂ ಇದೇ ಸಾಲು ಇದೆ. ಆಸೆ ಸೆಳೆಯುತ್ತದೆ, ಬಸುರಾಗುತ್ತದೆ, ಪಾಪವನ್ನು ಹೆರುತ್ತದೆ (ಯಕೋಬ 1:14-15).

ನಾವೆಲ್ಲ ಹೋರಾಡುವುದು ಮೂರನೇ ಮೆಟ್ಟಿಲಿನಲ್ಲಿ. ಅಲ್ಲಿ ಹೋರಾಡಿ ಗೆದ್ದವರು ಕಡಿಮೆ, ಯಾಕೆಂದರೆ ಅಷ್ಟು ಹೊತ್ತಿಗೆ ಮನಸ್ಸು ಆಚೆ ದಡ ಸೇರಿರುತ್ತದೆ. ಹೋರಾಡಬೇಕಾದದ್ದು ಎರಡನೆಯದರಲ್ಲಿ. ಆ ಅಣ್ಣ ಟಿಕೆಟ್ ತೆಗೆಯುವುದು ಐದೂವರೆಗೆ ಆದರೂ ಸೋಲುವುದು ಮೂರರಿಂದ ಐದೂವರೆಯ ನಡುವೆ. ನಿನ್ನೆಯದ್ದು ಹೋಯಿತು, ನಾಳೆಯದ್ದು ಬರಬಹುದು ಅಂತ ಸವಿ ಶುರುವಾಗುವುದು ಆಗ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮೊದಲ ಮೆಟ್ಟಿಲು ಪಾಪ ಅಲ್ಲ. ಕೆಟ್ಟ ಯೋಚನೆ ಬಂತು ಎಂದ ಕೂಡಲೇ ನಾನು ಕೆಟ್ಟವನು, ನನ್ನ ಪ್ರಾರ್ಥನೆಗೆ ಬೆಲೆ ಇಲ್ಲ ಎಂದು ಕುಗ್ಗುವವರಿದ್ದಾರೆ. ಹಾಗೆ ಕುಗ್ಗಬೇಡಿ. ಯೇಸುವಿಗೂ ಶೋಧನೆ ಬಂತು, ನಮಗೆ ಬರುವ ಹಾಗೆಯೇ ಬಂತು, ಪಾಪ ಮಾತ್ರ ಆಗಲಿಲ್ಲ (ಹಿಬ್ರಿಯ 4:15). ಯೋಚನೆ ಬಂದದ್ದಕ್ಕೆ ಕ್ಷಮೆ ಕೇಳುತ್ತಾ ಕೂರುವ ಹೊತ್ತಿನಲ್ಲಿ ಅದನ್ನು ಹೊರಗೆ ಕಳಿಸಬಹುದು.

ಈಗ ಕೆಲಸಕ್ಕೆ ಬರೋಣ. ಮೊದಲು ನಿಮ್ಮ ಹೊತ್ತನ್ನು ಕಂಡುಹಿಡಿಯಿರಿ. ಇಗ್ನೇಷಿಯಸ್ ಲೊಯೋಲ ಸಂತರಾಗುವ ಮುಂಚೆ ಸೈನಿಕರಾಗಿದ್ದವರು. 1521ರಲ್ಲಿ ಪಾಂಪ್ಲೋನದ ಕೋಟೆ ಕಾಯುವಾಗ ಫಿರಂಗಿ ಗುಂಡು ತಗಲಿ ಕಾಲು ಮುರಿದುಕೊಂಡವರು. ಶತ್ರುವಾದವನು ಕೋಟೆಯ ಸುತ್ತ ತಿರುಗಿ ಎಲ್ಲಿ ಗೋಡೆ ಬಲವಿಲ್ಲವೋ ಅಲ್ಲೇ ನುಗ್ಗುತ್ತಾನೆ, ಸೈತಾನನೂ ಹಾಗೆಯೇ ಎಂದು ಅವರು ಬರೆದಿದ್ದಾರೆ. ಏಟು ತಿಂದವರ ಮಾತು ಅದು, ನಂಬಬಹುದು. ರಾತ್ರಿ ಮಲಗುವ ಮುಂಚೆ ಒಂದು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಇವತ್ತು ಆಸೆ ಎಷ್ಟು ಗಂಟೆಗೆ ಬಂತು, ಆಗ ಎಲ್ಲಿದ್ದೆ, ಯಾರ ಜೊತೆ ಇದ್ದೆ, ಹಸಿದಿದ್ದೆನಾ, ಯಾರ ಮೇಲಾದರೂ ಸಿಟ್ಟಿತ್ತಾ. ದೊಡ್ಡ ಬರಹ ಬೇಡ, ಒಂದು ಸಾಲು ಸಾಕು. ವಾರ ಮುಗಿಯುವಾಗ ನಿಮಗೇ ಕಾಣುತ್ತದೆ. ಹೆಚ್ಚಿನವರಿಗೆ ಅದು ಒಂದೇ ಹೊತ್ತು, ಒಂದೋ ಎರಡೋ ಜಾಗ. ಸಂಬಳದ ದಿನ ಇರಬಹುದು. ಹೆಂಡತಿ ತವರಿಗೆ ಹೋದ ರಾತ್ರಿ ಇರಬಹುದು. ಗಲ್ಫಿನಿಂದ ರಜೆಗೆ ಬಂದ ಗೆಳೆಯ ಫೋನ್ ಮಾಡುವ ಭಾನುವಾರ ಇರಬಹುದು.

ಹೊತ್ತು ಗೊತ್ತಾದರೆ ಪ್ರಾರ್ಥನೆಯನ್ನು ಅದಕ್ಕಿಂತ ಮುಂಚೆ ಇಡಿ. ಲಾಟರಿಯವರಿಗೆ ನಾನು ಹೇಳುವುದು ಹೀಗೆ: ಎರಡು ಮುಕ್ಕಾಲಕ್ಕೆ ಮೊಬೈಲಿನಲ್ಲಿ ಅಲಾರಂ ಇಡಿ. ಮೂರು ಗಂಟೆ ಕಥೋಲಿಕರಿಗೆ ಕರುಣೆಯ ಗಂಟೆ. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಹೊತ್ತು ಅದು. 1905ರಿಂದ 1938ರವರೆಗೆ ಬದುಕಿದ್ದ ಪೋಲೆಂಡಿನ ಕನ್ಯಾಭಗಿನಿ ಸಂತ ಫೌಸ್ತಿನಾ ಅವರಿಂದ ಈ ಭಕ್ತಿ ಹರಡಿತು, ಈಗ ನಮ್ಮ ಮನೆಗಳಲ್ಲೂ ಆ ಹೊತ್ತಿಗೆ ಕರುಣೆಯ ಜಪಸರ ಹೇಳುವವರಿದ್ದಾರೆ. ಡ್ರಾ ಆಗುವುದೂ ಮೂರಕ್ಕೇ. ಒಂದೇ ಗಳಿಗೆಯಲ್ಲಿ ಎರಡು ಕಡೆಯಿಂದ ಕರೆ ಇರುವಾಗ ಯಾವ ಕಡೆ ಮುಖ ಮಾಡಬೇಕು ಎಂದು ಕಾಲು ಗಂಟೆ ಮುಂಚೆ ತೀರ್ಮಾನ ಆಗಿರಲಿ. ಕೆಲಸದ ನಡುವೆ ಪೂರ್ತಿ ಜಪಸರ ಆಗದಿದ್ದರೆ ಬ್ರಶ್ಶು ಕೆಳಗಿಟ್ಟು "ಯೇಸುವೇ, ನಿಮ್ಮ ಮೇಲೆ ಭರವಸೆ ಇಟ್ಟಿದ್ದೇನೆ" ಎಂದು ನಿಧಾನವಾಗಿ ಹೇಳಿ. ಕಥೋಲಿಕರಲ್ಲದವರು ಕೀರ್ತನೆ 91ನ್ನು ಓದಬಹುದು, ಅದು ಚಿಕ್ಕದು, ಅದರಲ್ಲಿ ಮಧ್ಯಾಹ್ನದ ಕೇಡಿಗೂ ಹೆದರಬೇಡ ಎಂದಿದೆ.

ಬೆಳಗಿನ ಪ್ರಾರ್ಥನೆ ಇದಕ್ಕಿಂತ ಮುಖ್ಯ. ಆದರೆ ದಯವಿಟ್ಟು "ಎಲ್ಲಾ ಕೇಡಿನಿಂದ ಕಾಪಾಡು" ಎಂದು ಒಟ್ಟಾರೆ ಹೇಳಿ ಎದ್ದು ಹೋಗಬೇಡಿ. ಹೊತ್ತು, ಜಾಗ, ವಸ್ತು ಎಲ್ಲ ಹೇಳಿ ಪ್ರಾರ್ಥಿಸಿ. ಉದಾಹರಣೆಗೆ: "ಯೇಸುವೇ, ಸಂಜೆ ಐದೂವರೆಗೆ ನಾನು ಕುಂಬಳೆ ಬಸ್‌ಸ್ಟ್ಯಾಂಡಿಗೆ ಬರುತ್ತೇನೆ. ಅಲ್ಲಿ ಆ ಬೋರ್ಡು ಇರುತ್ತದೆ. ನನಗೆ ಅದರ ಆಸೆ ಇದೆ, ನಿಮಗೆ ಗೊತ್ತು. ನನಗಿಂತ ಮುಂಚೆ ನೀವು ಅಲ್ಲಿ ಹೋಗಿ ನಿಲ್ಲಿ. ನನ್ನ ಕಾಲನ್ನು ಬಸ್ಸಿನ ಕಡೆ ತಿರುಗಿಸಿ." ಇಷ್ಟೇ ಸಾಕು. ಆಸೆ ಇದೆ ಎನ್ನುವುದನ್ನು ದೇವರ ಮುಂದೆ ಬಾಯಿಬಿಟ್ಟು ಹೇಳುವುದು ತುಂಬ ದೊಡ್ಡದು. ನನಗೆ ಬೇಡವೇ ಬೇಡ ಎಂದು ಪ್ರಾರ್ಥಿಸುತ್ತಾ ಒಳಗೊಳಗೆ ಬೇಕು ಅನ್ನುತ್ತಿದ್ದರೆ ಆ ಪ್ರಾರ್ಥನೆ ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ.

ಇನ್ನು ಆಸೆ ಎದುರಿಗೇ ಬಂದು ನಿಂತಾಗ. ಮರಳುಗಾಡಿನಲ್ಲಿ ನಲವತ್ತು ದಿನ ಉಪವಾಸ ಇದ್ದ ಯೇಸುವಿಗೆ ಸೈತಾನ ಮೂರು ಸಲ ಗಂಟುಬಿದ್ದ. ಮೂರು ಸಲವೂ ಅವರ ಉತ್ತರ ಚಿಕ್ಕದು, ಮೂರೂ ಧರ್ಮೋಪದೇಶಕಾಂಡದಿಂದ ಬಂದ ವಾಕ್ಯಗಳು (8:3, 6:16, 6:13). ಚರ್ಚೆಗೆ ಇಳಿಯಲಿಲ್ಲ. ಏದೆನ್ ತೋಟದಲ್ಲಿ ಏವ ಸರ್ಪದ ಜೊತೆ ಮಾತಿಗೆ ನಿಂತಳು, ಮಾತು ಬೆಳೆದ ಹಾಗೆ ಹಣ್ಣು ಚಂದ ಕಾಣತೊಡಗಿತು. ನೀವೂ ಮಾತಿಗೆ ನಿಲ್ಲಬೇಡಿ. ನಿಮ್ಮ ಶೋಧನೆಗೆ ಸರಿಹೊಂದುವ ಒಂದೇ ಒಂದು ವಾಕ್ಯ ಬಾಯಿಪಾಠ ಮಾಡಿ. ದುಡ್ಡಿನ ಆಸೆಗೆ 1 ತಿಮೊಥೆ 6:9, ಐಶ್ವರ್ಯ ಬೇಕೆಂದು ಹಟ ಹಿಡಿದವರು ಬಲೆಗೆ ಬೀಳುತ್ತಾರೆ ಎಂದಿದೆ. ಕಣ್ಣಿನ ಶೋಧನೆಗೆ ಯೋಬ 31:1, ಅವನು ತನ್ನ ಕಣ್ಣುಗಳ ಜೊತೆಗೇ ಒಪ್ಪಂದ ಮಾಡಿಕೊಂಡವನು. ಸಿಟ್ಟಿಗೆ ಜ್ಞಾನೋಕ್ತಿ 15:1. ಹತ್ತು ವಾಕ್ಯ ಕಲಿತರೆ ಬೇಕಾದ ಹೊತ್ತಿಗೆ ಒಂದೂ ನೆನಪಾಗುವುದಿಲ್ಲ. ಒಂದು ಕಲಿತರೆ ನಿದ್ದೆಗಣ್ಣಿನಲ್ಲೂ ಬರುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಸೈತಾನನೂ ಆ ದಿನ ವಾಕ್ಯ ಹೇಳಿದ್ದ, ಅದೂ ನಾನು ಮೇಲೆ ಹೇಳಿದ ಕೀರ್ತನೆ 91ರಿಂದಲೇ. ದೇವಾಲಯದ ತುದಿಯಿಂದ ಹಾರು, ದೂತರು ಹಿಡಿಯುತ್ತಾರೆ ಎಂದ. ಶೋಧನೆ ಒಳ್ಳೆಯ ಮಾತಿನ ವೇಷದಲ್ಲಿ ಬಂದರೆ ಗುರುತು ಹಿಡಿಯುವುದು ಕಷ್ಟ. ಕೇರಳ ಸರಕಾರದ ಕಾರುಣ್ಯ ಲಾಟರಿ ಶುರುವಾದದ್ದು ಅದರ ಲಾಭವನ್ನು ಬಡ ರೋಗಿಗಳ ಚಿಕಿತ್ಸೆಗೆ ಕೊಡಲಿಕ್ಕೆ. ಅದರಿಂದ ಎಷ್ಟೋ ಮನೆಗಳಿಗೆ ಸಹಾಯ ಆಗಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಟಿಕೆಟ್ ಚಟ ಇರುವವರು "ಹೋದರೆ ಹೋಗಲಿ, ರೋಗಿಗಳಿಗೆ ತಾನೇ" ಎನ್ನುವಾಗ ಸ್ವಲ್ಪ ನಿಲ್ಲಿ. ರೋಗಿಗಳ ಮೇಲೆ ಮನಸ್ಸಿದ್ದರೆ ಆ 50 ರೂಪಾಯಿಯನ್ನು ತೆಗೆದಿಟ್ಟು ತಿಂಗಳ ಕೊನೆಗೆ ಎಣ್ಮಕಜೆ ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ಹಾಸಿಗೆ ಹಿಡಿದ ಮಕ್ಕಳಿರುವ ಮನೆಗೆ ಹೋಗಿ ಕೊಟ್ಟು ಬನ್ನಿ. ಅವರ ಚಾವಡಿಯಲ್ಲಿ ಅರ್ಧ ಗಂಟೆ ಕೂತು ಬನ್ನಿ. ಆ ಮಗುವಿನ ತಾಯಿಯ ಹತ್ತಿರ ಮಾತಾಡಿ ಹೊರಗೆ ಬಂದ ಮೇಲೆ ಒಂದು ಕೋಟಿಯ ಲೆಕ್ಕ ಹಾಕಲು ಮನಸ್ಸು ಬರುವುದಿಲ್ಲ.

ಪ್ರಾರ್ಥನೆ ಮಾಡಿದ ಮೇಲೆ ಕಾಲೂ ಕೆಲಸ ಮಾಡಬೇಕು. ಯಜಮಾನ ಪೋಟಿಫರನ ಹೆಂಡತಿ ಬಟ್ಟೆ ಹಿಡಿದು ಎಳೆದಾಗ ಯೋಸೇಫ ನಿಂತು ಜಪ ಮಾಡಲಿಲ್ಲ. ಬಟ್ಟೆ ಅವಳ ಕೈಯಲ್ಲೇ ಬಿಟ್ಟು ಓಡಿದ (ಆದಿಕಾಂಡ 39:12). ಶೋಧನೆಯ ಜೊತೆಗೇ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಇಡುತ್ತಾರೆ ಎಂದು ಪೌಲ ಹೇಳುತ್ತಾನಲ್ಲ (1 ಕೊರಿಂಥ 10:13), ನಮ್ಮ ಅಣ್ಣನಿಗೆ ಆ ದಾರಿ ನಿಜವಾಗಿಯೂ ಡಾಮಾರು ರಸ್ತೆಯೇ ಆಗಿತ್ತು. ಬಸ್‌ಸ್ಟ್ಯಾಂಡಿನ ಒಳಗೆ ಹೋಗುವುದನ್ನು ಬಿಟ್ಟರು, ಬದಿಯಡ್ಕ ರಸ್ತೆಯಲ್ಲಿ ಮುಂದಿನ ಸ್ಟಾಪಿನವರೆಗೆ ನಡೆದು ಅಲ್ಲಿಂದ ಬಸ್ಸು ಹತ್ತಿದರು. ಸೀಟು ಸಿಗುತ್ತಿರಲಿಲ್ಲ, ಸೀತಾಂಗೋಳಿವರೆಗೂ ನಿಂತೇ ಹೋಗಬೇಕಿತ್ತು. ಅದನ್ನೇ ಅವರು ಆ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ತಪಸ್ಸು ಮಾಡಿಕೊಂಡರು. ಸಂಬಳ ಹೆಂಡತಿಯ ಖಾತೆಗೆ ಹೋಗುವ ಹಾಗೆ ಮಾಡಿ ಕಿಸೆಯಲ್ಲಿ ಬಸ್ಸಿನ ದುಡ್ಡು, ಚಾಯದ ದುಡ್ಡು ಮಾತ್ರ ಇಟ್ಟುಕೊಂಡರು.

ಮೊಬೈಲಿನ ಶೋಧನೆ ಇರುವವರಿಗೂ ಇದೇ ಮಾತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಕೇಂದ್ರ ಸರಕಾರ ಕಾನೂನು ತಂದು ನಿಷೇಧಿಸಿತು, ಆದರೆ ಕಾನೂನು ಬಂದ ಮಾತ್ರಕ್ಕೆ ಚಪಲ ಹೋಗುತ್ತದಾ? ರಾತ್ರಿ ಊಟ ಆದ ಮೇಲೆ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ. ಮಲಗುವ ಕೋಣೆಗೆ ಹತ್ತು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ, ಒಂದು ಅಲಾರಂ ಗಡಿಯಾರ ತನ್ನಿ. ಬೆಳಿಗ್ಗೆ ಏಳಲು ಫೋನ್ ಬೇಕು ಅನ್ನುವ ನೆಪ ಅಲ್ಲಿಗೆ ತೀರುತ್ತದೆ.

ಒಬ್ಬರಿಗೆ ಹೇಳಿ. ಇದು ಎಲ್ಲಕ್ಕಿಂತ ಕಷ್ಟದ ಭಾಗ, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವ ಭಾಗವೂ ಇದೇ. ಇಗ್ನೇಷಿಯಸ್ ಇನ್ನೊಂದು ಮಾತು ಹೇಳಿದ್ದರು: ಸೈತಾನನಿಗೆ ಗುಟ್ಟು ಬೇಕು, ಗುಟ್ಟು ಬಯಲಾಯಿತು ಎಂದರೆ ಅವನ ಆಟ ನಡೆಯುವುದಿಲ್ಲ. ಕಥೋಲಿಕರಿಗೆ ಪಾಪನಿವೇದನೆ ಇದೆ, ಮನೆಯಲ್ಲಿ ಕೊಂಕಣಿ ಮಾತಾಡುವ ನಾವು ಕುಮ್ಸಾರ್ ಎನ್ನುವುದು ಅದನ್ನೇ. ಹಬ್ಬಕ್ಕೆ ಮುಂಚೆ ಮಾತ್ರ ಹೋಗುವ ಅಭ್ಯಾಸ ಬಿಟ್ಟು ತಿಂಗಳಿಗೊಮ್ಮೆ ಹೋಗಿ. ನಿಮ್ಮ ಊರಿನ ಫಾದರ್ ಹತ್ತಿರ ಹೇಳಲು ನಾಚಿಕೆ ಆದರೆ ಬೇಳದ ಇಗರ್ಜಿಗೋ ಮಂಗಳೂರಿಗೋ ಹೋಗಿ ಹೇಳಿ, ಯಾರೂ ತಪ್ಪು ಎನ್ನುವುದಿಲ್ಲ. ಬೇರೆ ಸಭೆಯವರು ಪಾಸ್ಟರ್ ಹತ್ತಿರ ಅಥವಾ ಒಬ್ಬ ಹಿರಿಯರ ಹತ್ತಿರ ಹೇಳಿ. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ ಎನ್ನುವುದು ಎಲ್ಲ ಸಭೆಗಳಿಗೂ ಬರೆದ ಮಾತು (ಯಕೋಬ 5:16). ಇದರ ಜೊತೆಗೆ ದಿನಾ ಸಿಗುವ ಒಬ್ಬರು ಬೇಕು. ಬಾಯಿ ಗಟ್ಟಿ ಇರುವವರನ್ನು ಆರಿಸಿ. ಒಳ್ಳೆಯವರೇ ಆದರೂ ಮಾತು ಹೊಟ್ಟೆಯಲ್ಲಿ ನಿಲ್ಲದವರು ಬೇಡ. ಆಸೆ ಬಂದಾಗ ಅವರಿಗೆ ಒಂದು ಮಿಸ್ಡ್ ಕಾಲ್ ಕೊಡುವುದು, ಅವರು ಅಲ್ಲಿಂದ ಒಂದು "ಪರಲೋಕದಲ್ಲಿರುವ ನಮ್ಮ ತಂದೆಯೇ" ಹೇಳುವುದು, ಇಷ್ಟು ಒಪ್ಪಂದ ಮಾಡಿಕೊಳ್ಳಿ. ಯಾಕೆ, ಏನು ಅಂತ ಅವರು ಕೇಳಬಾರದು.

ಬಿಟ್ಟ ಜಾಗವನ್ನು ಖಾಲಿ ಬಿಡಬೇಡಿ. ಗುಡಿಸಿ ಖಾಲಿ ಇಟ್ಟ ಮನೆಗೆ ಹೊರಹೋದ ದೆವ್ವ ಇನ್ನೂ ಏಳು ಜನರನ್ನು ಕರೆದುಕೊಂಡು ಬಂತು ಎಂದು ಯೇಸು ಹೇಳಿದ್ದು ಸುಮ್ಮನೆ ಅಲ್ಲ (ಮತ್ತಾಯ 12:43-45). ಸಂಜೆ ಆ ಹೊತ್ತಿಗೆ ವಾರ್ಡಿನ ಪ್ರಾರ್ಥನೆಗೆ ಹೋಗಿ, ವಾರ್ಡಿನ ಮುಂದಾಳು ಗುರ್ಕಾರರ ಹತ್ತಿರ ಏನಾದರೂ ಕೆಲಸ ಕೇಳಿ, ಮಕ್ಕಳ ಜೊತೆ ಅಡಿಕೆ ಸುಲಿಯಲು ಕೂರಿ.

ಉಪವಾಸದ ಬಗ್ಗೆ ಸ್ವಲ್ಪ. ದೊಡ್ಡ ಉಪವಾಸ ಬೇಡ. ಶುಕ್ರವಾರ ನಾಲ್ಕು ಗಂಟೆಯ ಚಾಯದ ಜೊತೆ ಪಳಂಪೊರಿ (ಬಾಳೆಹಣ್ಣಿನ ಪೋಡಿ) ತಿನ್ನುವವರು ಆ ದಿನ ಬರೀ ಕಟ್ಟನ್ ಚಾಯ (ಹಾಲಿಲ್ಲದ ಚಾಯ) ಕುಡಿಯಿರಿ. ಬಿಸಿ ಬಿಸಿ ಎಣ್ಣೆಯಿಂದ ತೆಗೆದದ್ದು ಕಣ್ಣೆದುರು ಇರುವಾಗ ಬೇಡ ಎನ್ನಲು ಕಲಿತ ನಾಲಿಗೆಗೆ ದೊಡ್ಡದಕ್ಕೂ ಬೇಡ ಎನ್ನುವ ಬಲ ಬರುತ್ತದೆ.

ಕುಡಿತದ ವಿಷಯದಲ್ಲಿ ಮಾತ್ರ ಇದು ಸಾಲದು, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿಯುತ್ತಿದ್ದವರು ಧ್ಯಾನಕೂಟಕ್ಕೆ ಹೋಗಿ ಬಂದು ಇವತ್ತಿನಿಂದ ಒಂದು ತೊಟ್ಟೂ ಇಲ್ಲ ಎಂದು ಒಮ್ಮೆಲೇ ನಿಲ್ಲಿಸಿದರೆ ಮೈ ನಡುಗುತ್ತದೆ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ ಆಗಬಹುದು. ಡಾಕ್ಟರ ನಿಗಾದಲ್ಲಿ ಬಿಡಿ. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯಲ್ಲಿ ಚಟ ಬಿಡಿಸುವ ಕೇಂದ್ರಗಳಿವೆ, ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಮದ್ದು ತೆಗೆದುಕೊಂಡರೆ ವಿಶ್ವಾಸ ಕಡಿಮೆ ಎನ್ನುವವರ ಮಾತು ಕೇಳಬೇಡಿ. ಕಥೋಲಿಕ ಬೈಬಲಿನ ಸಿರಾಖನ ಗ್ರಂಥ 38ನೇ ಅಧ್ಯಾಯದಲ್ಲಿ ಕಾಯಿಲೆ ಬಂದರೆ ಪ್ರಾರ್ಥಿಸು, ವೈದ್ಯನಿಗೂ ಜಾಗ ಕೊಡು ಎಂದು ಎರಡನ್ನೂ ಒಟ್ಟಿಗೇ ಹೇಳಿದೆ.

ಬಿದ್ದರೆ? ಬೀಳುವುದು ಉಂಟು. ಆಗ ಬರುವ ಎರಡನೇ ಶೋಧನೆ ಮೊದಲನೆಯದಕ್ಕಿಂತ ಕೆಟ್ಟದು. ಹೇಗೂ ಇವತ್ತು ಹಾಳಾಯಿತು, ಇನ್ನು ನಾಲ್ಕು ಟಿಕೆಟ್ ತೆಗೆದರೇನು, ಇನ್ನೊಂದು ಪೆಗ್ ಹಾಕಿದರೇನು, ಸೋಮವಾರದಿಂದ ನೋಡೋಣ ಅನ್ನಿಸುತ್ತದೆ. ಅದಕ್ಕೆ ಕಿವಿ ಕೊಡಬೇಡಿ. ನೀತಿವಂತ ಏಳು ಸಲ ಬಿದ್ದರೂ ಏಳುತ್ತಾನೆ ಎಂದಿದೆ (ಜ್ಞಾನೋಕ್ತಿ 24:16), ಸೋಮವಾರ ಏಳುತ್ತಾನೆ ಎಂದಿಲ್ಲ. ಬಿದ್ದ ಜಾಗದಲ್ಲೇ ಶಿಲುಬೆಯ ಗುರುತು ಮಾಡಿ, "ದೇವರೇ, ನಿಮ್ಮ ದೊಡ್ಡ ಕರುಣೆಯಿಂದ ನನ್ನನ್ನು ಕ್ಷಮಿಸಿ" ಎಂದು ಹೇಳಿ, ಮನೆಗೆ ಹೋಗಿ ಆ ಒಬ್ಬರಿಗೆ ಅದೇ ದಿನ ತಿಳಿಸಿ. ಯೇಸುವನ್ನು ಹಿಡಿದುಕೊಟ್ಟ ಯೂದ ಮತ್ತು ಪೇತ್ರ ಒಂದೇ ರಾತ್ರಿ ಬಿದ್ದವರು. ಪೇತ್ರ ಅತ್ತು ಮತ್ತೆ ಉಳಿದವರ ಜೊತೆ ಸೇರಿಕೊಂಡ. ಯೂದ ಒಬ್ಬನೇ ಹೋದ.

ಕೊನೆಗೆ ಮನೆಯವರಿಗೆ. ಸಂತ ಮೋನಿಕಾ ಮಗ ಆಗಸ್ಟೀನನಿಗಾಗಿ ವರ್ಷಾನುಗಟ್ಟಲೆ ಕಣ್ಣೀರಿಟ್ಟು ಪ್ರಾರ್ಥಿಸಿದರು. 387ರಲ್ಲಿ ಮಿಲಾನಿನಲ್ಲಿ ಅವನಿಗೆ ದೀಕ್ಷಾಸ್ನಾನ ಆಯಿತು, ಅದೇ ವರ್ಷ ಅವರು ತೀರಿಕೊಂಡರು. ನೀವೂ ಪ್ರಾರ್ಥನೆ ಬಿಡಬೇಡಿ. ಜಪಸರದಲ್ಲಿ ಒಂದು ದಶಕ, ಅಂದರೆ ಹತ್ತು ಮಣಿಯ ಜಪ, ಆ ಗಂಡನಿಗೋ ಮಗನಿಗೋ ಇರಲಿ. ಆದರೆ ನೆರೆಕರೆಯವರ ಮುಂದೆ ಹಂಗಿಸಬೇಡಿ, ಹಂಗಿಸಿದ ದಿನವೇ ಅವರು ಹೆಚ್ಚು ಹೋಗುತ್ತಾರೆ. ಹಾಗೆಯೇ ಅವರು ಮಾಡಿದ ಸಾಲವನ್ನು ಬಂಗಾರ ಅಡವಿಟ್ಟು ಗುಟ್ಟಾಗಿ ತೀರಿಸಬೇಡಿ. ಎಷ್ಟು ಸಾಲ, ಯಾರಿಗೆ ಎಂದು ಒಟ್ಟಿಗೆ ಕೂತು ಬರೆಯಿರಿ. ತಿಂಗಳಿಗೆ ಎಷ್ಟು ಕೊಡಲಾಗುತ್ತದೆ ಎಂದು ಅವರ ಬಾಯಿಂದಲೇ ಹೇಳಿಸಿ, ಆ ಚೀಟಿಯನ್ನು ದೇವರ ಪೀಠದ ಹತ್ತಿರ ಬೈಬಲಿನೊಳಗೆ ಇಡಿ. ಪ್ರತಿ ತಿಂಗಳು ಕೊಟ್ಟ ಮೊತ್ತವನ್ನು ಅದರಲ್ಲಿ ಅವರೇ ಬರೆಯಲಿ.